ಸುಟ್ಟವರು ಬರೆದಿಟ್ಟ ಊರು: ಕಂಪಿಲಿಯಿಂದ ಕಂಪ್ಲಿಗೆ

ಕಂಪ್ಲಿಯ ಚರಿತ್ರೆ ಬರೆಯಲು ಕೂತವರಿಗೆ ಆಧಾರಗಳ ಬರವಿಲ್ಲ. ಹನ್ನೊಂದನೆಯ ಶತಮಾನದಿಂದ ಈಚೆಗೆ ಈ ಊರಿನ ಹೆಸರು ತಮಿಳು ಶಾಸನಗಳಲ್ಲಿದೆ, ಅರಬ್ಬಿ ಪ್ರವಾಸಕಥನದಲ್ಲಿದೆ, ಪಾರಸಿ ಕಾವ್ಯದಲ್ಲಿದೆ. ಬರ ಇರುವುದು ಬೇರೆ ಕಡೆ. ಈ ಆಧಾರಗಳಲ್ಲಿ ಊರಿನವರು ಬರೆದದ್ದು ತೀರ ಕಡಿಮೆ. ಊರನ್ನು ಮುತ್ತಿದವರು, ಸುಟ್ಟವರು, ಸುಟ್ಟವರ ಆಸ್ಥಾನದಲ್ಲಿ ಉಂಡವರು ಬರೆದದ್ದೇ ಹೆಚ್ಚು. ಯುರೋಪಿನ ಹಳೆಯ ಪಟ್ಟಣಗಳ ಚರಿತ್ರೆ ಓದುವಾಗ ಈ ಕಾರಣಕ್ಕೇ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಜರ್ಮನಿಯ ಲ್ಯೂಬೆಕ್‌ನಂಥ ಊರು, 1226ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ತನಗೆ ಕೊಟ್ಟ ಸನದಿನಿಂದ ತನ್ನ ಕಥೆ ಶುರುಮಾಡಬಲ್ಲದು. ಕಂಪ್ಲಿಯ ಕಥೆಯನ್ನು ಅದರ ಅರಮನೆ ಕೆಡವಿದ ಸುದ್ದಿಯಿಂದಲೇ ಶುರುಮಾಡಬೇಕು.

ಆ ಸುದ್ದಿ ಇರುವುದು ಕಾಂಚೀಪುರದ ಸೀಮೆಯ ಮಣಿಮಂಗಲದಲ್ಲಿ. ಚೋಳ ರಾಜಾಧಿರಾಜನ 1046ರ ಶಾಸನ ಅವನ ದಂಡಯಾತ್ರೆಗಳನ್ನು ಸಾಲಾಗಿ ಹೇಳುತ್ತಾ, ಕಂಪಿಲಿ ನಗರದಲ್ಲಿದ್ದ ಚಾಲುಕ್ಯರ ಅರಮನೆಯನ್ನು ಅವನು ನಾಶಮಾಡಿದನೆಂದು ಹೊಗಳುತ್ತದೆ. ಹೊಗಳಿಕೆಯ ಮಾತು ನಿಜ. ಆದರೂ ಅದರಿಂದ ಒಂದು ಸಂಗತಿ ಗಟ್ಟಿಯಾಗಿ ಸಿಗುತ್ತದೆ: 1046ಕ್ಕೆ ಮೊದಲೇ ಕಂಪಿಲಿ ‘ನಗರ’ ಎನ್ನಿಸಿಕೊಂಡಿತ್ತು, ಅಲ್ಲಿ ಕಲ್ಯಾಣದ ಚಾಲುಕ್ಯರಿಗೆ ಅರಮನೆಯಿತ್ತು. ಕೆಡವಿದವನು ಹೇಳದಿದ್ದರೆ ಆ ಅರಮನೆಯ ಸುದ್ದಿ ನಮಗೆ ತಲುಪುತ್ತಿತ್ತೋ ಇಲ್ಲವೋ. ಎಂಟು ವರ್ಷಗಳ ತರುವಾಯ, 1054ರಲ್ಲಿ, ರಾಜಾಧಿರಾಜ ಕೊಪ್ಪದ ಕಾಳಗದಲ್ಲಿ ಆನೆಯ ಮೇಲೇ ಸತ್ತ.

ಎರಡನೆಯ ಸಲ ಊರು ಸುಟ್ಟದ್ದು ವೀರರಾಜೇಂದ್ರ ಚೋಳನ ಕೈಯಲ್ಲಿ. 1068ರ ಮಾರ್ಚಿಯಲ್ಲಿ ಚಾಲುಕ್ಯ ದೊರೆ ಮೊದಲನೆಯ ಸೋಮೇಶ್ವರ ಕಂಪಿಲಿಯ ಹೊಳೆಯೇ ಆದ ತುಂಗಭದ್ರೆಯ ಮೇಲ್ದಂಡೆಯ ಕುರುವತ್ತಿಯಲ್ಲಿ ಜಲಸಮಾಧಿಯಾದ. ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. ಅವನು ಯುವರಾಜನ ಕುರುಹಾದ ಕೊರಳಿನ ಕಂಠಿಕೆಯನ್ನು ಬಿಚ್ಚುವಷ್ಟರಲ್ಲೇ ವೀರರಾಜೇಂದ್ರ ಕಂಪಿಲಿಗೆ ಬೆಂಕಿಯಿಟ್ಟು, ಕರಡಿಕಲ್ಲಿನಲ್ಲಿ ಜಯಸ್ತಂಭ ನೆಡಿಸಿದನೆಂದು ಚೋಳ ಶಾಸನಗಳು ಹೇಳುತ್ತವೆ. ಸೋಮೇಶ್ವರನ ಕಡೆಯ ಶಾಸನಗಳನ್ನು ಓದಿದರೆ ಕಥೆ ಬೇರೆ: ಚೋಳ ಗುತ್ತಿಯ ಕೋಟೆಗೆ ಮುತ್ತಿಗೆ ಹಾಕಿ ಸೋತು ಓಡಿದ. ಅವುಗಳಲ್ಲಿ ಕಂಪಿಲಿಯ ಬೆಂಕಿಯ ಮಾತಿಲ್ಲ. ಗೆದ್ದವರು ಬರೆದಿದ್ದಾರೆ, ಸೋತವರು ಬಾಯಿ ಮುಚ್ಚಿಕೊಂಡಿದ್ದಾರೆ.

ಕನ್ನಡದ ಶಾಸನಗಳು ಸಂಕಟವನ್ನು ಬರೆದೇ ಇಲ್ಲವೆಂದಲ್ಲ. 1007ರ ಹೊಟ್ಟೂರು ಶಾಸನ ಚೋಳ ಸೈನ್ಯದ ಹಾವಳಿಯನ್ನು ಸಿಟ್ಟಿನಿಂದಲೇ ಹೇಳುತ್ತದೆ. ಗಾವರವಾಡದ ಶಾಸನ ಬೆಳ್ವೊಲದ ಬಸದಿಗಳು ಸುಟ್ಟುಹೋದದ್ದನ್ನೂ, ಸುಟ್ಟ ಚೋಳ ಮುಂದೆ ತಲೆ ತೆತ್ತದ್ದನ್ನೂ ದಾಖಲಿಸುತ್ತದೆ. ಕಂಪಿಲಿಗೆ ಮಾತ್ರ ಅಂಥ ಅಳುವ ಶಾಸನವೊಂದು ದಕ್ಕಲಿಲ್ಲ.

ಹೀಗೆ ಎರಡು ಸಲ ಇದೇ ಊರಿಗೆ ಬೆಂಕಿ ಬಿದ್ದದ್ದೇಕೆ? ಚಾಲುಕ್ಯರ ನೆಲೆಯಾಗಿತ್ತು ಎನ್ನುವುದು ಅರ್ಧ ಉತ್ತರ. ಉಳಿದರ್ಧ ನದಿಯಲ್ಲಿದೆ. ಹಂಪಿ–ಆನೆಗೊಂದಿಯ ಬಂಡೆಗಳ ಇಕ್ಕಟ್ಟಿನಲ್ಲಿ ನುಸುಳಿ ಬರುವ ತುಂಗಭದ್ರೆ ಕಂಪ್ಲಿಯ ಹತ್ತಿರ ಬಯಲಿಗೆ ಬೀಳುತ್ತದೆ. ಬಲದಂಡೆಯಲ್ಲಿ ಕಂಪ್ಲಿ, ಆಚೆಗೆ ಗಂಗಾವತಿಯ ಸೀಮೆ, ಅದರಾಚೆ ಕೃಷ್ಣೆಯವರೆಗೆ ಹರಡಿದ ಎಡೆದೊರೆ ನಾಡು. ದಕ್ಷಿಣದಿಂದ ಎಡೆದೊರೆಗೆ ನುಗ್ಗುವ ದಂಡಿಗೂ ಉತ್ತರದಿಂದ ಕೆಳಕ್ಕಿಳಿಯುವ ದಂಡಿಗೂ ಹೊಳೆ ದಾಟಲು ಒಂದು ಜಾಗ ಬೇಕು. ವೀರರಾಜೇಂದ್ರನ ದಾರಿಯನ್ನೇ ನೋಡಿ: ಬೆಂಕಿ ಇಟ್ಟದ್ದು ದಕ್ಷಿಣ ದಂಡೆಯ ಕಂಪಿಲಿಗೆ, ಕಂಬ ನೆಟ್ಟದ್ದು ಇಂದಿನ ಲಿಂಗಸುಗೂರು ತಾಲೂಕಿನ ಕರಡಿಕಲ್ಲಿನಲ್ಲಿ, ಎಡೆದೊರೆಯ ಒಳಗೆ. ನಡುವೆ ಹೊಳೆ. ಶಾಸನ ಕವಿ ದಾಟಿನ ಮಾತೆತ್ತಿಲ್ಲ. ಎರಡು ಊರಿನ ಹೆಸರುಗಳೇ ಅದನ್ನು ಹೇಳುತ್ತವೆ. ಕಂಪಿಲಿ ಸುಟ್ಟದ್ದು ಅರಮನೆಗಾಗಿ ಎನ್ನುವುದಕ್ಕಿಂತ ಕಡವಿಗಾಗಿ ಎನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಇದಾದ ಮೇಲಿನ ಇನ್ನೂರು ವರ್ಷಗಳನ್ನು ಬೇಗ ದಾಟಬಹುದು. ಚಾಲುಕ್ಯರು ಹೋದರು, ಸೇವುಣರೂ ಹೊಯ್ಸಳರೂ ಈ ಗಡಿಯಲ್ಲಿ ಗುದ್ದಾಡಿದರು. ದೇವಗಿರಿಯ ಸೇವುಣರು ದಿಲ್ಲಿಯ ದಾಳಿಗೆ ಕುಸಿದಾಗ ಅವರ ಗಡಿನಾಯಕನ ಮನೆತನವೊಂದು ಇಲ್ಲಿ ತಲೆಯೆತ್ತಿತು: ಮುಮ್ಮಡಿ ಸಿಂಗೆಯ ನಾಯಕ, ಅವನ ಮಗ ಕಂಪಿಲದೇವ. ಊರಿನ ಹೆಸರು ದೊರೆಗೆ ಬಂತೋ, ಅದೃಷ್ಟಕ್ಕೆ ಎರಡೂ ಒಂದೇ ಆದವೋ. ಹೊರಗಿನವರಿಗಂತೂ ಊರು, ದೊರೆ, ರಾಜ್ಯ ಮೂರೂ ‘ಕಂಪಿಲ’ ಆಗಿಬಿಟ್ಟವು. ಹೊಯ್ಸಳ ಮೂರನೆಯ ಬಲ್ಲಾಳನಿಗೆ ಈ ನೆರೆಯವನು ಸುಲಭದ ತುತ್ತಾಗಲಿಲ್ಲ. ಹೊಳಲ್ಕೆರೆಯ ಕಾಳಗದಲ್ಲಿ ಬಲ್ಲಾಳನ ಭಾವಮೈದುನ ಸೋಮೆಯ ದಣ್ಣಾಯಕ ಸತ್ತದ್ದು ಕಂಪಿಲನ ಎದುರಿಗೇ.

ಕಂಪಿಲದೇವ ತಾನೇ ಆಡಿದ ಮಾತೊಂದು ಉಳಿದಿದೆ. ಅದನ್ನು ಓದಲು ಕಂಪ್ಲಿಗಲ್ಲ, ಹಂಪಿಗೆ ಹೋಗಬೇಕು. ವಿರೂಪಾಕ್ಷ ಗುಡಿಯ ಪಕ್ಕದ ಹೇಮಕೂಟದ ಬಂಡೆಯ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರದ ತ್ರಿಕೂಟ ಗುಡಿಗಳಿವೆ. ನೋಡಲು ಬಂದವರು ಅವನ್ನು ಜೈನ ಬಸದಿಗಳೆಂದು ತಿಳಿದು ಮುಂದೆ ಹೋಗುತ್ತಾರೆ. ಅವುಗಳಲ್ಲೊಂದರ ಶಾಸನದ ಪ್ರಕಾರ ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಅಲ್ಲಿ ಶಿವಾಲಯ ಕಟ್ಟಿಸಿ, ತನ್ನ ಹೆತ್ತವರನ್ನು ನೆನೆದು ಮೂರು ಲಿಂಗಗಳನ್ನು ಸ್ಥಾಪಿಸಿದ. ಗೆಲುವಿನ ಜಂಬವಿಲ್ಲ, ಶತ್ರುವಿನ ಹೆಸರಿಲ್ಲ. ಸುಟ್ಟವರ ಗದ್ದಲದ ನಡುವೆ ಈ ಮನೆತನದಿಂದ ನಮಗೆ ನೇರವಾಗಿ ಕೇಳಿಸುವ ದನಿ ಇದು: ಮಗನೊಬ್ಬ ತಂದೆತಾಯಿಯ ಹೆಸರು ಉಳಿಸಲು ಮಾಡಿದ ಕೆಲಸ. ವಿಜಯನಗರ ಹುಟ್ಟುವ ಮೊದಲೇ ಹಂಪಿಯ ಬಂಡೆಯನ್ನು ಕಂಪಿಲಿಯ ದೊರೆ ತನ್ನ ಮನೆಯ ನೆಲವೆಂದು ಬಗೆದಿದ್ದನೆಂಬುದಕ್ಕೂ ಇದೇ ಸಾಕ್ಷಿ.

ಮೂರನೆಯ ನಾಶದ ಕಥೆ ಹೆಚ್ಚು ಪ್ರಸಿದ್ಧ. 1326–27ರ ಹೊತ್ತಿಗೆ, ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್ ತನ್ನ ಬಂಧುವೇ ಆದ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದು ಸೋತು ಕಂಪಿಲನ ಮೊರೆಹೊಕ್ಕ. ಕಂಪಿಲ ಅವನನ್ನು ಬಿಟ್ಟುಕೊಡಲಿಲ್ಲ. ದಿಲ್ಲಿಯ ಸೈನ್ಯ ಎರಡು ಸಲ ಬಂದು ಹಿಂದಕ್ಕೆ ಹೋಯಿತು, ಮೂರನೆಯ ಸಲ ಗೆದ್ದಿತು. 1334ರಲ್ಲಿ ದಿಲ್ಲಿಗೆ ಬಂದ ಇಬ್ನ್ ಬತೂತ ಇದನ್ನು ಕೇಳಿ ಬರೆದಿದ್ದಾನೆ: ದವಸ ಮುಗಿದಾಗ ದೊರೆ ಅತಿಥಿಯನ್ನು ನೆರೆಯ ರಾಜನಲ್ಲಿಗೆ ಸಾಗಹಾಕಿದ, ಕೊಂಡ ಹೊತ್ತಿಸಿದರು, ಹೆಂಗಸರು ಬೆಂಕಿಗೆ ಬಿದ್ದರು, ಗಂಡಸರು ಹೊರಗೆ ಬಂದು ಕಾದಾಡಿ ಸತ್ತರು. ಆ ನೆರೆಯ ರಾಜ ಬಲ್ಲಾಳನೇ. ಅವನು ಗುರ್ಶಾಸ್ಪ್‌ನನ್ನು ಒಪ್ಪಿಸಿಬಿಟ್ಟ. ಸುಲ್ತಾನ ಅವನ ಚರ್ಮ ಸುಲಿಸಿದ. ಸೆರೆಸಿಕ್ಕ ಕಂಪಿಲನ ಮಕ್ಕಳು ಮತಾಂತರವಾಗಿ ಅಮೀರರಾದರು. ಅವರಲ್ಲಿ ಕೆಲವರನ್ನು ಇಬ್ನ್ ಬತೂತ ತಾನೇ ಕಂಡಿದ್ದ. ಸುಲ್ತಾನ ಅವರನ್ನು ಗೌರವದಿಂದ ಕಂಡದ್ದು ತಂದೆಯ ನಡತೆಗಾಗಿ ಎನ್ನುತ್ತಾನೆ.

ಇಲ್ಲಿ ಓದುಗರು ಒಂದು ಕಡೆ ಎಚ್ಚರವಾಗಿರಬೇಕು. ಇಬ್ನ್ ಬತೂತ ಹೇಳುವ ಕಂಪಿಲ ಹತ್ತಲಾಗದ ಬೆಟ್ಟಗಳ ನಡುವಿನ ನಾಡು. ಕಂಪ್ಲಿ ಗದ್ದೆಬಯಲಿನ ಊರು. ಹೆಸರು ಕಂಪಿಲಿಯದು, ಕಾಳಗ ನಡೆದದ್ದು ಬೇರೆಡೆ. ಬಹಮನಿಯರ ಆಶ್ರಯದಲ್ಲಿ 1350ರ ಸುಮಾರಿಗೆ ‘ಫುತೂಹ್-ಉಸ್-ಸಲಾತೀನ್’ ಬರೆದ ಇಸಾಮಿ ಕುಮ್ಮಟದ ಕೋಟೆಯನ್ನೂ ಹೆಸರಿಸುತ್ತಾನೆ. ಆ ಕುಮ್ಮಟದುರ್ಗ ಹೊಳೆಯಾಚೆ, ಇಂದಿನ ಕೊಪ್ಪಳ ಜಿಲ್ಲೆಯ ಗುಡ್ಡಗಳಲ್ಲಿದೆ. ಮನೆತನದ ಇನ್ನೊಂದು ಆಸರೆಯಾದ ಹೊಸಮಲೆದುರ್ಗವನ್ನು ಸಂಡೂರಿನ ಬೆಟ್ಟಸಾಲಿನಲ್ಲಿ ಹುಡುಕುವವರೂ ಇದ್ದಾರೆ. ಅಂದರೆ ಕಡವಿನ ಊರಿನ ಹೆಸರಿಟ್ಟುಕೊಂಡ ದೊರೆ ಕಷ್ಟಕಾಲಕ್ಕೆ ಆ ಊರನ್ನು ನೆಚ್ಚಲಿಲ್ಲ. ಎರಡು ಸಲ ಸುಟ್ಟ ಬಯಲೂರನ್ನು ಬಿಟ್ಟು ಬಂಡೆ ಹತ್ತಿದ.

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನ ಕಿವಿಗೆ ಬೀಳುವ ಹೊತ್ತಿಗೆ ಈ ಕಥೆ ಆನೆಗೊಂದಿಯ ಕಥೆಯಾಗಿತ್ತು. ಅವನು ಕೊಡುವ ಇಸವಿ 1230, ಸುಮಾರು ಒಂದು ಶತಮಾನ ಹಿಂದೆ. ದೊರೆ ಹೊಕ್ಕ ಕೋಟೆಯ ಹೆಸರನ್ನು ‘ಕ್ರಿನಾಮಟ’ ಎಂದು ಬರೆಯುತ್ತಾನೆ. ರಾಬರ್ಟ್ ಸ್ಯೂಯೆಲ್ 1900ರಲ್ಲಿ ಆ ಬರಹವನ್ನು ಇಂಗ್ಲಿಷಿಗೆ ತಂದ ಮೇಲೆ, ಅದು ಕುಮ್ಮಟವೇ ಎಂದು ವಿದ್ವಾಂಸರು ಗುರುತಿಸಿದರು. ಕನ್ನಡದ ಹೆಸರು ಪೋರ್ಚುಗೀಸ್ ನಾಲಗೆಯಲ್ಲಿ ಹೊರಳಿ ಇಷ್ಟಾದರೂ ಉಳಿದದ್ದೇ ದೊಡ್ಡದು.

ಊರಿನ ಕಡೆಯವರು ಏನೂ ಹೇಳಲಿಲ್ಲವೇ? ಹೇಳಿದರು, ಹಾಡಿನಲ್ಲಿ. ಹದಿನಾರನೆಯ ಶತಮಾನದ ನಂಜುಂಡನ ಸಾಂಗತ್ಯವೂ ಗಂಗನ ಮೊದಲಾದವರ ಕಾವ್ಯಗಳೂ, ಅವಕ್ಕೆ ತಾಯಿಬೇರಾದ ಜನಪದ ಹಾಡುಗಳೂ ಕಂಪಿಲನ ಮಗ ಕುಮಾರರಾಮನ ಕಥೆಯೇ. ಇಲ್ಲಿ ದೊಡ್ಡ ದುರಂತ ದಿಲ್ಲಿಯಿಂದ ಬರುವುದಿಲ್ಲ, ಮನೆಯೊಳಗೇ ಹುಟ್ಟುತ್ತದೆ. ಚೆಂಡಾಟದ ಚೆಂಡು ಚಿಕ್ಕ ರಾಣಿ ರತ್ನಾಜಿಯ ಮನೆಯಂಗಳಕ್ಕೆ ಬೀಳುತ್ತದೆ. ಅವಳ ಆಸೆಗೆ ರಾಮ ಒಪ್ಪುವುದಿಲ್ಲ. ಅವಳ ದೂರು ನಂಬಿ ತಂದೆ ಮಗನ ತಲೆ ತರಿಸಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಡುತ್ತಾನೆ. ದಂಡು ಬಂದಾಗ ಸತ್ತನೆಂದುಕೊಂಡ ಮಗ ಎದ್ದು ಬಂದು ಕಾಯುತ್ತಾನೆ, ಕೊನೆಗೆ ದಿಲ್ಲಿಯ ದಂಡಿನ ಮಾತಂಗಿಯ ಕೈಯಲ್ಲಿ ಮಡಿಯುತ್ತಾನೆ. ಪಾರಸಿ, ಅರಬ್ಬಿ ಬರಹಗಳಲ್ಲಿ ರತ್ನಾಜಿಯ ಸುಳಿವೇ ಇಲ್ಲ. ಆದರೆ ದಿಲ್ಲಿಯಿಂದ ಓಡಿಬಂದ ಬಹಾದ್ದೂರನಿಗೆ ರಾಮ ಆಶ್ರಯ ಕೊಡುವ ಪ್ರಸಂಗ ಕಾವ್ಯದಲ್ಲಿದೆ. ಅದು ಗುರ್ಶಾಸ್ಪ್‌ನ ನೆರಳೇ. ಎದುರಾಳಿಗಳ ಬರಹವೂ ಮನೆಯವರ ಹಾಡೂ ಕೂಡುವ ಒಂದೇ ಗಂಟು ಇದು: ಮರೆಹೊಕ್ಕವನನ್ನು ಬಿಟ್ಟುಕೊಡಲಿಲ್ಲ. ಹಗೆಯೂ ಹಾಡುಗಾರನೂ ಒಪ್ಪುವ ಮಾತನ್ನು ಇತಿಹಾಸಕಾರ ಅನುಮಾನಿಸಬೇಕಾಗಿಲ್ಲ.

ಮುಂದಿನದು ವಾದದ ವಿಷಯ. ಕಂಪಿಲಿ ಬಿದ್ದ ಹತ್ತು ವರ್ಷಕ್ಕೆ, 1336ರಲ್ಲಿ, ವಿಜಯನಗರ ಹುಟ್ಟಿತೆಂಬುದು ಸಂಪ್ರದಾಯ. ಹರಿಹರ–ಬುಕ್ಕರು ಕಂಪಿಲಿಯ ಭಂಡಾರದಲ್ಲಿದ್ದು ಸೆರೆಯಾಗಿ ದಿಲ್ಲಿಗೆ ಹೋಗಿ ಮರಳಿದರೆಂದು ಒಂದು ಪಕ್ಷ. ಅವರು ಹೊಯ್ಸಳರ ಕಡೆಯವರೆಂದು ಇನ್ನೊಂದು. 1929ರಲ್ಲಿ ಎರಡೂ ಪಕ್ಷಗಳ ಪುಸ್ತಕ ಹೊರಬಂದವು: ಎನ್. ವೆಂಕಟರಮಣಯ್ಯನವರು ಕಂಪಿಲಿಯಿಂದ ವಿಜಯನಗರಕ್ಕೆ ಗೆರೆ ಎಳೆದರು, ಪಾದ್ರಿ ಹೆನ್ರಿ ಹೆರಾಸ್ ಬಲ್ಲಾಳನನ್ನೇ ಮುಂದೆ ತಂದರು. ಜಗಳದಲ್ಲಿ ಭಾಷೆಯ ಅಭಿಮಾನವೂ ಸೇರಿಕೊಂಡು, ಸಹೋದರರು ಕನ್ನಡಿಗರೋ ತೆಲುಗರೋ ಎಂಬಲ್ಲಿಗೆ ಬಂದು ನಿಂತಿತು. ನನಗೆ ಅದಕ್ಕಿಂತ ನೆಲದ ಪ್ರಶ್ನೆ ಮುಖ್ಯ. ಹೊಸ ರಾಜಧಾನಿ ಹಳೆಯ ಅರಮನೆಯ ಕಂಪಿಲಿಗೆ ಏಕೆ ಹಿಂತಿರುಗಲಿಲ್ಲ? ಕಟ್ಟಿದವರು ಯಾರೇ ಆಗಿರಲಿ, ಬಯಲಿನ ಕಂಪಿಲಿಗೂ ಒಂಟಿಗುಡ್ಡದ ಕುಮ್ಮಟಕ್ಕೂ ಆದ ಗತಿ ಅವರ ಕಣ್ಣೆದುರಿಗಿತ್ತು. ಹಂಪಿಯಲ್ಲಿ ಬಂಡೆಯ ಬೇಲಿ, ಹೊಳೆಯ ಕಂದಕ, ಒಳಗೇ ಗದ್ದೆ, ಮೂರೂ ಒಂದೆಡೆ ಸಿಕ್ಕವು. ಮುತ್ತಿಗೆಯಲ್ಲಿ ದವಸ ತೀರಿ ಸತ್ತ ದೊರೆಯ ನೆನಪಿದ್ದವರು ಕೋಟೆಯೊಳಗೆ ಗದ್ದೆಯನ್ನೂ ಸೇರಿಸಿಕೊಂಡಿದ್ದರೆ ಆಶ್ಚರ್ಯವೇನಿಲ್ಲ.

ಕಂಪ್ಲಿಗೆ ಅರಮನೆಯ ಬದಲು ಸಿಕ್ಕದ್ದು ಕಾಲುವೆ. ವಿಜಯನಗರ ಕಾಲದ ಕಾಲುವೆಗಳ ಸಾಲಿನಲ್ಲಿ ರಾಮಸಾಗರ, ಕಂಪ್ಲಿ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಭತ್ತ, ಕಬ್ಬು, ಬಾಳೆ ಬೆಳೆಯುತ್ತಿವೆ. ರಾಜರ ಕಣ್ಣು ಊರಿನಿಂದ ಆಚೆ ಹೋದ ಮೇಲೆಯೇ ಊರು ನೆಮ್ಮದಿಯಾಗಿ ಉಂಡಿತೆಂದು ಕಾಣುತ್ತದೆ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಆಳಿದವರು ಹಲವರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಂದಿಗೆ ಕಂಪ್ಲಿ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದಾಗ ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲೇ ಉಳಿದವು. ಹೀಗಾಗಿ ಕಂಪಿಲದೇವನ ಊರು ಒಂದು ಜಿಲ್ಲೆಯಲ್ಲಿ, ಅವನ ಕೋಟೆ ಇನ್ನೊಂದರಲ್ಲಿ, ಅವನ ಶಾಸನ ಮತ್ತೊಂದರಲ್ಲಿ. ಸಂಶೋಧನೆಗೆ ಹೊರಟವರು ಮೂರು ಕಚೇರಿಗಳ ಬಾಗಿಲು ತಟ್ಟಬೇಕು.

ಕಡವು ಮಾತ್ರ ತನ್ನ ಕೆಲಸ ಬಿಟ್ಟಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಆನೆಗೊಂದಿಯ ಹತ್ತಿರ ತೊಗಲು ಹೊದಿಸಿದ ಬುಟ್ಟಿಯಂಥ ಹರಿಗೋಲುಗಳಲ್ಲಿ ಜನ ಹೊಳೆ ದಾಟುವುದನ್ನು ಬೆರಗಾಗಿ ಬರೆದಿದ್ದ. ಈಗ ಕಂಪ್ಲಿ ಕೋಟೆಯ ಬದಿಯಿಂದ ಗಂಗಾವತಿಯ ಕಡೆಗೆ ಸೇತುವೆಯಿದೆ. ಭತ್ತದ ಲಾರಿ, ಬಸ್ಸು, ಟ್ರ್ಯಾಕ್ಟರು ಹಗಲಿರುಳು ಓಡಾಡುತ್ತವೆ. ಸೇತುವೆ ತಗ್ಗಿನದು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟೆಯ ಗೇಟು ತೆಗೆದು ಹೊಳೆಗೆ ಹೆಚ್ಚು ನೀರು ಬಿಟ್ಟರೆ ಮುಳುಗುತ್ತದೆ. ಪೊಲೀಸರು ಎರಡೂ ತುದಿಗೆ ಅಡ್ಡಗಟ್ಟುತ್ತಾರೆ. ಆಗ ಆಚೆ ದಂಡೆಗೆ ಹೋಗಬೇಕಾದವರು ಹೊಳೆಯ ಗುಂಟ ಮೇಲಕ್ಕೆ ಹೋಗಿ, ಬುಕ್ಕಸಾಗರದಿಂದ ಕಡೇಬಾಗಿಲಿಗೆ ದಾಟಿ, ಆನೆಗೊಂದಿಯ ಬಂಡೆಗಳ ಪಕ್ಕದಿಂದ ಸುತ್ತಿ ಗಂಗಾವತಿ ಸೇರುತ್ತಾರೆ.