ಹಳೆಯ ಬಿಲ್ಲಿಗೆ ಮರಳಿದವರು

ಕಮಾನಿನಿಂದ ಹೊರಟ ತೀರು ಮರಳಿ ಬಾರದು ಎಂಬ ಮಾತನ್ನು ನಾವು ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲಿ ಕಲಿತೆವು. ಮುಂದೆ ಕನ್ನಡ ಶಾಲೆಗೆ ಬಂದಾಗ ಬಿಟ್ಟ ಬಾಣ, ಆಡಿದ ಮಾತು ಎಂದು ಅದೇ ತಿಳಿವಳಿಕೆ ಇನ್ನೊಂದು ಬಟ್ಟೆಯುಟ್ಟು ಸಿಕ್ಕಿತು. ಬಾಣ ಮರಳುವುದಿಲ್ಲ, ನಿಜ. ಆದರೆ ಬಾಣ ಬಿಡುವ ಮನುಷ್ಯ ತಾನು ನಡೆದು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಬಲ್ಲನೇ? ಕೈಯಲ್ಲಿರುವ ಒಳ್ಳೆಯ ಸಲಕರಣೆಯನ್ನು ತಾನಾಗಿಯೇ ಕೆಳಗಿಟ್ಟು, ಅದಕ್ಕಿಂತ ಕಷ್ಟದ ಹಳೆಯದೊಂದನ್ನು ಎತ್ತಿಕೊಳ್ಳಲು ಅವನಿಗೆ ಏನು ಕಾರಣವಿರಬಹುದು? ಅಮೆರಿಕದ ಬಿಲ್ಲುಬೇಟೆಗಾರರ ಸುಮಾರು ನೂರೈವತ್ತು ವರ್ಷಗಳ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಅದು ಹಾಗೆಯೇ ಇರಲಿ ಎನ್ನುವವರು ನಾವು. ಅಮೆರಿಕದ ವ್ಯವಸ್ಥೆ ಬೇರೆ. ಅಲ್ಲಿ ಪರವಾನಗಿ ಪಡೆದು, ಗೊತ್ತುಪಡಿಸಿದ ತಿಂಗಳುಗಳಲ್ಲಿ ಜಿಂಕೆಯನ್ನು ಬೇಟೆಯಾಡಬಹುದು. ಬಂದೂಕಿಗೆ ಒಂದು ಕಾಲ, ಬಿಲ್ಲಿಗೆ ಇನ್ನೊಂದು ಕಾಲ. ಬಂದೂಕು ಇಷ್ಟು ಸುಲಭವಾಗಿ ಸಿಗುವ ನಾಡಿನಲ್ಲಿ ಬಿಲ್ಲು ಹಿಡಿಯುವುದೇ ಒಂದು ಆಯ್ಕೆ. ಆ ಬಿಲ್ಲುಗಳಲ್ಲೂ ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನು ಹಿಡಿಯುವುದು ಆಯ್ಕೆಯೊಳಗಿನ ಆಯ್ಕೆ.

ಕಥೆ ಮಾರಿಸ್ ಥಾಮ್ಸನ್ ಮತ್ತು ವಿಲ್ ಥಾಮ್ಸನ್ ಎಂಬ ಅಣ್ಣತಮ್ಮಂದಿರಿಂದ ಆರಂಭವಾಗುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪರವಾಗಿ ಹೋರಾಡಿ ಸೋತು ಮನೆಗೆ ಬಂದವರು ಇವರು. ಯುದ್ಧ ಮುಗಿದ ಮೇಲೆ ಬಿಲ್ಲು ಹಿಡಿದು ಕಾಡು, ಜೌಗು ಪ್ರದೇಶಗಳಲ್ಲಿ ಅಲೆದರು. 1878ರಲ್ಲಿ ಮಾರಿಸ್ ಬಿಲ್ಲುಗಾರಿಕೆಯ ಮೋಹದ ಬಗ್ಗೆ ಪುಸ್ತಕ ಬರೆದ. ಮರುವರ್ಷವೇ ಅಮೆರಿಕದಲ್ಲಿ ರಾಷ್ಟ್ರೀಯ ಬಿಲ್ಲುಗಾರಿಕೆ ಸಂಘ ಹುಟ್ಟಿತು. ಮದ್ದಿನ ವಾಸನೆ ಸಾಕಾಗುವಷ್ಟು ಕುಡಿದಿದ್ದ ಸೈನಿಕರು ಸದ್ದಿಲ್ಲದ ಆಯುಧಕ್ಕೆ ಮರುಳಾದರು ಎಂದು ಒಬ್ಬ ಕಥೆಗಾರ ಊಹಿಸಿಕೊಳ್ಳಬಹುದು.

ಆದರೆ ಈ ಕಥೆಯ ನಿಜವಾದ ಗುರು ಬೇರೆಯೇ ಒಬ್ಬನಿದ್ದಾನೆ. 1911ರ ಆಗಸ್ಟ್ 29ರಂದು ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ ಹಸಿದು ಬಳಲಿದ್ದ ಒಬ್ಬ ಮನುಷ್ಯ ಸಿಕ್ಕ. ಅವನ ಭಾಷೆ ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಅವನು ಯಾಹಿ ಎಂಬ ಮೂಲನಿವಾಸಿ ಜನಾಂಗದ ಕೊನೆಯವ. ಚಿನ್ನದ ಆಸೆಗೆ ಬಂದು ನೆಲೆಸಿದ ಬಿಳಿಯರು 1860ರ ದಶಕದಲ್ಲಿ ಅವನ ಜನರನ್ನು ಬಂದೂಕುಗಳಿಂದ ಬೇಟೆಯಾಡಿ ಮುಗಿಸಿದ್ದರು. ಅಳಿದುಳಿದ ಕೆಲವರು ದಶಕಗಳ ಕಾಲ ಕಣಿವೆಗಳಲ್ಲಿ ಅಡಗಿ ಬದುಕಿ ಒಬ್ಬೊಬ್ಬರಾಗಿ ತೀರಿಹೋದರು. ತನ್ನ ಹೆಸರನ್ನು ಅವನು ಕೊನೆಯವರೆಗೂ ಹೇಳಲಿಲ್ಲ. ವಿದ್ವಾಂಸರು ಅವನನ್ನು ಇಶಿ ಎಂದು ಕರೆದರು. ಅವನ ಭಾಷೆಯಲ್ಲಿ ಹಾಗೆಂದರೆ ಮನುಷ್ಯ ಎಂದಷ್ಟೇ ಅರ್ಥ.

ಇಶಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆತಂದು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡರು. ಪಕ್ಕದ ಆಸ್ಪತ್ರೆಯಲ್ಲಿ ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯನಿದ್ದ. ರೋಗಿಯ ಜೊತೆ ಬೆಳೆದ ಪರಿಚಯ ಗೆಳೆತನವಾಯಿತು, ಗೆಳೆಯ ಗುರುವಾದ. ಜೂನಿಪರ್ ಮರದ ಕೊಂಬೆಯನ್ನು ಹದವಾಗಿ ಒಣಗಿಸಿ, ಕೆತ್ತಿ, ಬೆನ್ನಿಗೆ ಪ್ರಾಣಿಯ ನರದ ಎಳೆಗಳನ್ನು ಅಂಟಿಸಿ ಬಿಲ್ಲು ಮಾಡುವುದನ್ನು ಇಶಿ ಕಲಿಸಿದ. ಗಾಜಿನ ಚೂರಿನಿಂದಲೂ ಬಾಣದ ಮೊನೆ ಕೆತ್ತಿ ತೋರಿಸಿದ. ಹೆದೆಯನ್ನು ಅವನು ಹೆಬ್ಬೆರಳಿನಿಂದ ಎಳೆಯುತ್ತಿದ್ದ. ಅರಬರು, ತುರ್ಕರು, ಮಂಗೋಲರು ಹೆಬ್ಬೆರಳಿನಿಂದ ಎಳೆಯುತ್ತಿದ್ದುದನ್ನು ಬಲ್ಲ ನಮಗೆ ಇದು ಸೋಜಿಗವೆನಿಸುತ್ತದೆ. ತುಟಿಗೆ ಬೆರಳಿಟ್ಟು ಸದ್ದು ಮಾಡಿ ಮೊಲಗಳನ್ನು ಹತ್ತಿರಕ್ಕೆ ಕರೆಯುತ್ತಿದ್ದ. ದೂರದಿಂದ ಗುರಿಯಿಡುವ ಚಪಲ ಅವನಿಗಿರಲಿಲ್ಲ. ಹತ್ತಿರವಾಗುವುದೇ ಅವನ ಬೇಟೆಯ ಅರ್ಧ ವಿದ್ಯೆ.

1916ರ ಮಾರ್ಚ್ 25ರಂದು ಇಶಿ ಕ್ಷಯರೋಗದಿಂದ ತೀರಿಕೊಂಡ. ಅವನ ಜೊತೆ ಒಂದು ಬಿಲ್ಲು, ಐದು ಬಾಣ, ಓಕ್ ಕಾಯಿಯ ಹಿಟ್ಟಿನ ಒಂದು ಬುಟ್ಟಿ ಇಟ್ಟು ಗೆಳೆಯರು ಬೀಳ್ಕೊಟ್ಟರು.

ಪೋಪ್ ಆ ವಿದ್ಯೆಯನ್ನು ಸಾಯಲು ಬಿಡಲಿಲ್ಲ. ಆರ್ಥರ್ ಯಂಗ್ ಎಂಬ ಗೆಳೆಯನೊಂದಿಗೆ ಕಾಡು ಸುತ್ತಿದ, 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದ. ಅಮೆರಿಕದಲ್ಲಿ ಈ ಹವ್ಯಾಸ ಬೇರು ಬಿಟ್ಟಿದ್ದು ಆ ಪುಸ್ತಕದಿಂದ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಪೋಪ್ ತಾನು ಕೈಯಲ್ಲಿ ಹಿಡಿದದ್ದು ಇಶಿಯ ಬಿಲ್ಲನ್ನಲ್ಲ. ಇಶಿಯದು ಸುಮಾರು ಮೂರೂವರೆ ಅಡಿಯ ಗಿಡ್ಡ ಬಿಲ್ಲು. ಪೋಪ್ ಹಲವು ಜನಾಂಗಗಳ ಬಿಲ್ಲುಗಳನ್ನು ಪರೀಕ್ಷಿಸಿ ನೋಡಿ, ಯೂ ಮರದಿಂದ ಮಾಡಿದ, ಆಳೆತ್ತರದ ಇಂಗ್ಲಿಷ್ ಉದ್ದಬಿಲ್ಲನ್ನು ಆರಿಸಿಕೊಂಡ. ಕಾಡಿನ ನಡೆ ಇಶಿಯದು, ಬಿಲ್ಲು ಇಂಗ್ಲೆಂಡಿನದು. ಇವತ್ತು ಅಮೆರಿಕದಲ್ಲಿ ಸಾಂಪ್ರದಾಯಿಕ ಬಿಲ್ಲುಬೇಟೆ ಎಂದು ಕರೆಯುವುದು ಈ ಎರಡರ ಕೂಡಾವಳಿ.

1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನಿಂದ ಜಿಂಕೆ ಬೇಟೆಗೆಂದೇ ಪ್ರತ್ಯೇಕ ಕಾಲ ಗೊತ್ತುಮಾಡಿತು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಅದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ. ತನ್ನ ಬಿಲ್ಲನ್ನು ತಾನೇ ಕೆತ್ತಿಕೊಳ್ಳುತ್ತಿದ್ದ ಬಿಲ್ಲುಗಾರ ಅವನು. ಬೇಟೆಗಾರನನ್ನು ನೋಡಿ ಚಪ್ಪಾಳೆ ತಟ್ಟುವ, ತಪ್ಪು ಮಾಡಿದರೆ ಛೀಮಾರಿ ಹಾಕುವ ಪ್ರೇಕ್ಷಕರು ಕಾಡಿನಲ್ಲಿ ಇರುವುದಿಲ್ಲ, ಅಲ್ಲಿ ಅವನ ಆತ್ಮಸಾಕ್ಷಿಯೇ ನ್ಯಾಯಾಧೀಶ ಎಂಬುದು ಅವನ ವಿಚಾರ. ಸಲಕರಣೆಗಳು ಹೆಚ್ಚಿದಂತೆ ಬೇಟೆಗಾರನ ಸ್ವಂತ ವಿದ್ಯೆ ಕಡಿಮೆಯಾಗುವ ಅಪಾಯವನ್ನೂ ಅವನು ಕಂಡಿದ್ದ. ಅವನು ತೀರಿಕೊಂಡ ಮರುವರ್ಷ, 1949ರಲ್ಲಿ, ಈ ಮಾತುಗಳಿರುವ ಪುಸ್ತಕ ಹೊರಬಂತು. ಆಗಿನ್ನೂ ದೊಡ್ಡ ಸಲಕರಣೆ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು 1960ರ ದಶಕದಲ್ಲಿ. ಮಿಸ್ಸೂರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1969ರ ಡಿಸೆಂಬರ್ ಕೊನೆಗೆ ಅದು ಮಂಜೂರಾಯಿತು. ಇದೇ ಕಾಂಪೌಂಡ್ ಬಿಲ್ಲು. ಇದರ ಎರಡೂ ತುದಿಗಳಲ್ಲಿ ಒಂದೊಂದು ಗಾಲಿ. ನೋಡಲು ಬಾವಿಯ ರಾಟೆಯಂತಿದ್ದರೂ ಅದರ ಅಚ್ಚು ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಹೆದೆ ಎಳೆಯುತ್ತ ಹೋದಂತೆ ಗಾಲಿ ತಿರುಗುತ್ತದೆ. ಮೊದಲು ಭಾರ ಏರುತ್ತದೆ, ಒಂದು ಹಂತ ದಾಟಿದೊಡನೆ ಇಳಿದುಬಿಡುತ್ತದೆ. ಆರಂಭದ ಬಿಲ್ಲುಗಳಲ್ಲಿ ಈ ಇಳಿತ ಕಡಿಮೆಯಿತ್ತು, ಈಚಿನವುಗಳಲ್ಲಿ ಶೇಕಡಾ 80ರವರೆಗೂ ಇರುತ್ತದೆ. ಅಂದರೆ 70 ಪೌಂಡ್ ಭಾರದ ಬಿಲ್ಲನ್ನು ಪೂರ್ತಿ ಎಳೆದು ನಿಂತವನ ಬೆರಳಿಗೆ ತಾಗುವುದು 14 ಪೌಂಡ್ ಮಾತ್ರ. ಅವನು ಉಸಿರು ಹಿಡಿದು, ಜಿಂಕೆ ಪಕ್ಕಕ್ಕೆ ತಿರುಗುವವರೆಗೂ ಕಾಯಬಹುದು. ಗುರಿ ನೋಡಲು ಕಡ್ಡಿ, ಹೆದೆ ಬಿಡಲು ಕುದುರೆಯಿರುವ ಕೊಕ್ಕೆ, ದೂರ ಅಳೆಯಲು ಲೇಸರ್ ಯಂತ್ರ ಎಲ್ಲವೂ ಒಂದರ ಹಿಂದೊಂದು ಬಂದವು.

ಉದ್ದಬಿಲ್ಲಿನಲ್ಲಿ ಇಂಥ ರಿಯಾಯಿತಿ ಇಲ್ಲ. 50 ಪೌಂಡ್ ಬಿಲ್ಲನ್ನು ಎಳೆದರೆ ಕೊನೆಗೆ ಮೂರು ಬೆರಳಿನ ಮೇಲೆ ಅಷ್ಟೂ ಭಾರ ಕೂರುತ್ತದೆ. ಸುಮಾರು 23 ಕಿಲೋ, ಹತ್ತಿರಹತ್ತಿರ ಒಂದು ಸಣ್ಣ ಅಕ್ಕಿ ಮೂಟೆ. ಅದನ್ನು ಹಿಡಿದು ಯಾರೂ ಹೆಚ್ಚು ಹೊತ್ತು ನಿಲ್ಲಲಾರರು. ಗುರಿಯ ಕಡ್ಡಿ ಇಲ್ಲ. ಕಣ್ಣು ನೋಡಿದ ಜಾಗಕ್ಕೆ ಕೈ ತಾನಾಗಿ ಹೋಗಬೇಕು.

ಕಾಂಪೌಂಡ್ ಬಿಲ್ಲನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತೋಳಿನಲ್ಲಿ ಕಸುವು ಕಡಿಮೆಯಿದ್ದವರಿಗೆ, ವಯಸ್ಸಾದವರಿಗೆ, ವರ್ಷಗಟ್ಟಲೆ ಅಭ್ಯಾಸಕ್ಕೆ ಬಿಡುವಿಲ್ಲದ ಕೂಲಿಯವರಿಗೆ ಅದು ಬಿಲ್ಲುಗಾರಿಕೆಯ ಬಾಗಿಲು ತೆರೆಯಿತು. ಗುರಿ ಕರಾರುವಾಕ್ಕಾಗಿ ತಾಗುವುದು ಪ್ರಾಣಿಯ ದೃಷ್ಟಿಯಿಂದಲೂ ದೊಡ್ಡ ಮಾತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಹೆಚ್ಚಿನ ಬಿಲ್ಲುಬೇಟೆಗಾರರು ಅದಕ್ಕೆ ಹೊರಳಿದರು. ಉದ್ದಬಿಲ್ಲಿನ ಮಹಾಗುರು ಎನಿಸಿದ್ದ ಹೋವರ್ಡ್ ಹಿಲ್ 1975ರಲ್ಲಿ ತೀರಿಕೊಂಡಾಗ ಅವನ ಬಿಲ್ಲೂ ಅವನೊಂದಿಗೆ ಹೋಯಿತೆಂದು ಯಾರಾದರೂ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಆದರೆ 1980ರ ದಶಕದಲ್ಲಿ ಕೆಲವರು ಹಿಂದಿರುಗಿದರು. 1989ರಲ್ಲಿ ಅವರಿಗೆಂದೇ ಒಂದು ಪತ್ರಿಕೆ ಶುರುವಾಯಿತು. 1992ರಲ್ಲಿ ಹಲವರು ಕೂಡಿ ಬರೆದ, ಮರದಿಂದ ಬಿಲ್ಲು ಮಾಡುವ ಕಲೆಯ ಗ್ರಂಥಮಾಲೆಯ ಮೊದಲ ಸಂಪುಟ ಬಂತು. ಹೀಗೆ ಮರಳಿದವರಲ್ಲಿ ಅನೇಕರು ಕಾಂಪೌಂಡ್ ಬಿಲ್ಲಿನಲ್ಲಿ ಪಳಗಿದವರೇ. ಗುರಿ ತಪ್ಪುತ್ತಿದೆ ಎಂದು ಅವರು ಅದನ್ನು ಬಿಡಲಿಲ್ಲ. ತಪ್ಪುವುದೇ ಇಲ್ಲವಲ್ಲ ಎಂಬ ಬೇಸರ ಅವರದು.

ಮರಳುವುದು ಸುಲಭವಿರಲಿಲ್ಲ. ಕಾಂಪೌಂಡಿನಲ್ಲಿ 70 ಪೌಂಡ್ ಎಳೆದವನು ಉದ್ದಬಿಲ್ಲಿನಲ್ಲೂ ಅಷ್ಟೇ ಭಾರ ಬೇಕೆನ್ನುತ್ತಾನೆ. ಇದು ಮೊದಲ ತಪ್ಪು. ಭುಜ ನಡುಗಿ, ಪೂರ್ತಿ ಎಳೆಯುವ ಮೊದಲೇ ಬೆರಳು ಸಡಿಲುತ್ತದೆ. ತಿಳಿದವರು 40, 45 ಪೌಂಡಿನಿಂದ ಆರಂಭಿಸಿ ಎನ್ನುತ್ತಾರೆ. ಹೆದೆಯನ್ನು ಪ್ರತಿಸಲವೂ ಕೆನ್ನೆಯ ಅದೇ ಜಾಗಕ್ಕೆ, ತುಟಿಯ ಮೂಲೆಗೆ ತರಬೇಕು. ಬಾಣಕ್ಕೆ ತೂಕವಿರಬೇಕು, ಅಲಗು ಕ್ಷೌರದ ಕತ್ತಿಯಷ್ಟು ಹರಿತವಿರಬೇಕು. ಬಾಣ ಕೊಲ್ಲುವುದು ಕತ್ತರಿಸಿ ರಕ್ತ ಹರಿಸುವುದರಿಂದ. ಗುಂಡಿನ ಹೊಡೆತದ ಆಘಾತ ಅದಕ್ಕಿಲ್ಲ. ತಿಂಗಳುಗಟ್ಟಲೆ ಹೀಗೆ ಅಭ್ಯಾಸ ಮಾಡಿದ ಮೇಲೆ ಬೇಟೆಗಾರನಿಗೆ ದಕ್ಕುವ ಫಲವಾದರೂ ಏನು? ಮೊದಲು 40 ಗಜದಿಂದ ಹೊಡೆಯುತ್ತಿದ್ದವನು ಈಗ 15, 20 ಗಜಕ್ಕೆ ಇಳಿಯುತ್ತಾನೆ. ಕೈಗೆ ಸಿಗುವ ಜಿಂಕೆಗಳಿಗಿಂತ ಸುಮ್ಮನೆ ನೋಡಿ ಕಳಿಸಿಕೊಡುವ ಜಿಂಕೆಗಳೇ ಹೆಚ್ಚಾಗುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಹೆದೆಯ ಸದ್ದಿಗೆ ಬೆದರಿದ ಜಿಂಕೆ ನೆಗೆಯಲು ಮೈ ಕುಗ್ಗಿಸುತ್ತದೆ. ಅಷ್ಟರಲ್ಲಿ ಬಾಣ ತಾಗಬೇಕಾದ ಜಾಗ ಸರಿದಿರುತ್ತದೆ. ಉದ್ದಬಿಲ್ಲಿನ ಬಾಣ ಸೆಕೆಂಡಿಗೆ 180 ಅಡಿ ಹೋಗುತ್ತದೆ ಎಂದಿಟ್ಟುಕೊಂಡರೆ 20 ಗಜ, ಅಂದರೆ 60 ಅಡಿ ದಾಟಲು ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು. ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ 300 ಅಡಿ ಹೋದರೂ 40 ಗಜ ದಾಟಲು 0.4 ಸೆಕೆಂಡ್ ಬೇಕು. ವೇಗದ ಬಾಣ ಬಂದ ಮೇಲೆ ಬೇಟೆಗಾರ ಹಿಂದಕ್ಕೆ ಸರಿದು ನಿಂತ. ಯಂತ್ರ ಗಳಿಸಿಕೊಟ್ಟ ಹೊತ್ತನ್ನು ದೂರ ತಿಂದುಹಾಕಿತು. ಹತ್ತಿರ ನಿಂತವನ ನಿಧಾನದ ಬಾಣವೇ ಮೊದಲು ತಲುಪುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಉದ್ದಬಿಲ್ಲು ಹಿಡಿದವರೆಲ್ಲ 20 ಗಜದಲ್ಲೇ ನಿಲ್ಲುವುದಿಲ್ಲ. ಅಭ್ಯಾಸವಿಲ್ಲದವನ ಕೈಯಲ್ಲಿ ಹಳೆಯ ಬಿಲ್ಲು ಹೊಸದಕ್ಕಿಂತ ಕ್ರೂರ. ಗಾಯಗೊಂಡು ಪೊದೆ ಸೇರಿ, ಯಾರ ಕಣ್ಣಿಗೂ ಬೀಳದೆ ಸಾಯುವ ಪ್ರಾಣಿಗೆ ಬೇಟೆಗಾರನ ಸಂಪ್ರದಾಯ ಪ್ರೇಮದಿಂದ ಆಗಬೇಕಾದದ್ದೇನೂ ಇಲ್ಲ. ತನ್ನ ಮನಸ್ಸಿನ ತೃಪ್ತಿಗಾಗಿ ಕಷ್ಟದ ಆಯುಧ ಹಿಡಿದು, ಆ ಕಷ್ಟವನ್ನು ಜಿಂಕೆಯ ಮೈಮೇಲೆ ಹೇರಿದರೆ ಅದು ಸಂಯಮ ಹೇಗಾದೀತು? ಆದ್ದರಿಂದ ಹಳೆಯ ಬಿಲ್ಲಿಗೆ ಮರಳುವವನು ಎರಡು ವಸ್ತುಗಳನ್ನು ಒಟ್ಟಿಗೆ ಎತ್ತಿಕೊಳ್ಳಬೇಕು. ಒಂದು ಮರದ ಬಿಲ್ಲು, ಇನ್ನೊಂದು ಬಾಣ ಬಿಡದೆ ಮನೆಗೆ ಬರುವ ಅಭ್ಯಾಸ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಬರೀ ವೇಷ.

ಸಂಪ್ರದಾಯ ಎಂಬ ಮಾತಿನ ಮೇಲೂ ನಾವು ಕೊಂಚ ತಡೆದು ನಿಲ್ಲಬೇಕು. ಇಂದಿನ ಅನೇಕ ಉದ್ದಬಿಲ್ಲುಗಳು ಮರದ ಪಟ್ಟಿಗಳಿಗೆ ಫೈಬರ್‌ಗ್ಲಾಸ್ ಅಂಟಿಸಿ ಮಾಡಿದಂಥವು. ಇಂಗ್ಲಿಷ್ ಬಿಲ್ಲುಗಾರನಿಗಾಗಲಿ ಇಶಿಗಾಗಲಿ ಅದು ಗೊತ್ತಿರಲಿಲ್ಲ. ಹಿಂದಿನದನ್ನು ಇದ್ದ ಹಾಗೆಯೇ ತಂದುಕೊಳ್ಳಲು ಯಾರಿಗೂ ಆಗುವುದಿಲ್ಲ. ಹಿಂದಿನದರಲ್ಲಿ ಯಾವುದನ್ನು ಎತ್ತಿಕೊಳ್ಳುತ್ತೇವೆ, ಯಾವುದನ್ನು ಮರೆತುಬಿಡುತ್ತೇವೆ ಎಂಬುದರ ಲೆಕ್ಕವನ್ನು ಮಾತ್ರ ಪ್ರಾಮಾಣಿಕವಾಗಿ ಇಡಬಹುದು. ಇತಿಹಾಸದ ಹೆಸರು ಹೇಳಿ ಜಗಳವಾಡುವ ನಮಗೆಲ್ಲರಿಗೂ ಇದು ಗೊತ್ತಿರಬೇಕಾದ ಮಾತು.

ಆ ಲೆಕ್ಕದಲ್ಲಿ ಇಶಿಯ ಬಾಕಿ ದೊಡ್ಡದು. ಅವನು ಸತ್ತಾಗ ಮೆದುಳನ್ನು ಹೊರತೆಗೆದು ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಿದ್ದರು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಅಲ್ಲೇ ಇತ್ತು. 2000ದಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಅದನ್ನು ಮರಳಿ ಪಡೆದು ತಮ್ಮ ನೆಲಕ್ಕೆ ಒಯ್ದರು. ಕಾಡಿನಲ್ಲಿ ಹತ್ತಿರವಾಗುವುದು ಹೇಗೆಂದು ತನ್ನ ಜನರನ್ನು ಕೊಂದವರ ಮಕ್ಕಳಿಗೆ ಕಲಿಸಿಕೊಟ್ಟ ಮನುಷ್ಯ ಹೀಗೆ ಬಹಳ ತಡವಾಗಿ ಮನೆ ಸೇರಿದ.

ಬಿಟ್ಟ ಬಾಣ ಮರಳಿ ಬಾರದು ಎಂದು ಕಲಿಸಿದ ನಮ್ಮ ಎರಡೂ ಶಾಲೆಗಳು ಹೇಳಿದ್ದು ಸರಿಯೇ. ಅದಕ್ಕೇ ಹಳೆಯ ಬಿಲ್ಲಿನವನು, ಬಿಡುವ ಮೊದಲು ಇನ್ನೊಂದು ಹೆಜ್ಜೆ ಹತ್ತಿರ ಹೋಗಲು ನೋಡುತ್ತಾನೆ. ಹೋಗಲಾಗದಿದ್ದರೆ ಹೆದೆಯನ್ನು ಮೆಲ್ಲಗೆ ಸಡಿಲಿಸಿ, ಬಾಣವನ್ನು ಬತ್ತಳಿಕೆಗೆ ಹಾಕಿಕೊಂಡು ಮನೆಯ ದಾರಿ ಹಿಡಿಯುತ್ತಾನೆ.