ಕಂಪ್ಲಿ ಬಯಲಿನ ಎರಡು ನಕ್ಷೆಗಳು

ನೆಲ ಕೆಡಬಾರದು, ಭೂಬಳಕೆಗೆ ದೇಶಕ್ಕೆಲ್ಲ ಒಂದು ಯೋಜನೆ ಬೇಕು ಅಂತ ದಿಲ್ಲಿಯವರು ಹೇಳುತ್ತಲೇ ಬಂದಿದ್ದಾರೆ. 2013ರಲ್ಲಿ ರಾಷ್ಟ್ರೀಯ ಭೂಬಳಕೆ ನೀತಿಯ ಕರಡನ್ನೂ ಬರೆದರು. ಕಂಪ್ಲಿ ಬಯಲಲ್ಲಿ ನಿಂತ ನಮಗೆ ಇದು ಹೊಸ ಮಾತಲ್ಲ. ಇಲ್ಲಿ ನೆಲಕ್ಕೆ ದೊಡ್ಡ ಯೋಜನೆ ಹಾಕಿದ್ದು ಎರಡು ಸಲ: ರಾಯರ ಕಾಲಕ್ಕೆ ಒಮ್ಮೆ, ಡ್ಯಾಮಿನ ಕಾಲಕ್ಕೆ ಒಮ್ಮೆ. ಎರಡು ಸಲವೂ ಮಣ್ಣು ಹೊತ್ತವರು ನಾವು.

ಕೃಷ್ಣದೇವರಾಯ ಹೊಸಪೇಟೆ ಹತ್ತಿರ ಕೆರೆ ಕಟ್ಟಿಸುವಾಗ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅಲ್ಲಿದ್ದ. ಸುಮಾರು 1520ರ ಮಾತು. 15ರಿಂದ 20 ಸಾವಿರ ಆಳು ದುಡಿಯುತ್ತಿದ್ದರು ಅಂತ ಬರೆದ. ಕಟ್ಟೆ ಮತ್ತೆ ಮತ್ತೆ ಒಡೆಯಿತು. ದೇವರು ರಕ್ತ ಕೇಳತಾನ ಅಂತ ಬ್ರಾಹ್ಮಣರು ಹೇಳಿದರು, 60 ಜನರ ತಲೆ ಉರುಳಿತು. ಕೆರೆ ನಿಂತ ಮೇಲೆ ಅದರ ಕೆಳಗಿನ ನೆಲವನ್ನು 9 ವರ್ಷ ತೆರಿಗೆಯಿಲ್ಲದೆ ಜನಕ್ಕೆ ಬಿಟ್ಟರೆಂದು ಇನ್ನೊಬ್ಬ ಪ್ರವಾಸಿ ನುನಿಜ್ ಬರೆದಿದ್ದಾನೆ. ಯಾವ ಜನ? ಬುಟ್ಟಿ ಹೊತ್ತವರಾ? ಗದ್ದೆ ದಾನ ಪಡೆದ ದೇವರ ಹೆಸರು, ಬ್ರಾಹ್ಮಣರ ಹೆಸರು ಶಾಸನದ ಕಲ್ಲಲ್ಲಿವೆ. ಉತ್ತವರ ಹೆಸರಿಗೆ ಕಲ್ಲು ಸಿಗಲಿಲ್ಲ.

ಹಾಗಂತ ಆ ಕಾಲದ ಜಾಣತನವನ್ನು ನಾವು ಅಲ್ಲಗಳೆಯೋದಿಲ್ಲ. ಹೊಳೆಗೆ ಅಡ್ಡ ಕಲ್ಲಿನ ಅಣೆಕಟ್ಟು, ಮಿಕ್ಕ ನೀರು ಮೇಲಿಂದ ಹೊಳೆಗೇ. ತುರ್ತು, ರಾಮಸಾಗರ, ಕಂಪ್ಲಿ, ಬೆಳಗೋಡು ಕಾಲುವೆಗಳು ಇವತ್ತಿಗೂ ಹರಿಯುತ್ತಿವೆ. ಅದು ಕೆಲಸ ಬಲ್ಲ ಕೈಗಳ ಜಾಣತನವೂ ಹೌದು.

ಎರಡನೇ ನಕ್ಷೆ ತುಂಗಭದ್ರಾ ಡ್ಯಾಮಿನದು. 1876-78ರ ಬರದಲ್ಲಿ ಬಳ್ಳಾರಿ ಸೀಮೆ ಬೆಂದುಹೋಗಿತ್ತು. 1945ರ ಫೆಬ್ರುವರಿ 28ರಂದು ಮದ್ರಾಸ್, ಹೈದರಾಬಾದ್ ಸರ್ಕಾರಗಳು ಕೂಡಿ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಬರದ ನಾಡಿಗೆ ನೀರನ್ನು ತೆಳ್ಳಗೆ, ದೂರದವರೆಗೆ ಹರಡಬೇಕು ಅನ್ನೋದು ಲೆಕ್ಕಾಚಾರ. ಅದಕ್ಕೇ ‘ಲೋಕಲೈಸೇಷನ್’ ಅಂತ ತಂದರು. ಯಾವ ಸರ್ವೆ ನಂಬರಿಗೆ ಭತ್ತ, ಯಾವುದಕ್ಕೆ ಕಬ್ಬು, ಯಾವುದಕ್ಕೆ ಬರೀ ಜೋಳ, ಶೇಂಗಾ, ಹತ್ತಿ ಅಂತ ಸರ್ಕಾರವೇ ಗೆರೆ ಎಳೆಯಿತು. ಕಾಗದದ ಮೇಲೆ ಇಷ್ಟು ನ್ಯಾಯದ ಯೋಜನೆ ಈ ದೇಶದಲ್ಲಿ ಅಪರೂಪ.

ನೆಲದ ಮೇಲೆ ಆದದ್ದು ಬೇರೆ. ಎರೆಹೊಲ ಮಟ್ಟ ಮಾಡಿ ಮಡಿ ಕಟ್ಟಲು ಬಡ ಒಕ್ಕಲಿಗೆ ದುಡ್ಡೆಲ್ಲಿ? ಅಗ್ಗಕ್ಕೆ ಮಾರಿದ. ಆಂಧ್ರದ ಕರಾವಳಿಯಿಂದ ಹಣ, ಭತ್ತದ ಅನುಭವ ಎರಡನ್ನೂ ಹೊತ್ತು ಬಂದವರು ಕೊಂಡರು, ಕ್ಯಾಂಪುಗಳೆದ್ದವು. ಅವರನ್ನಷ್ಟೇ ಬೈದು ಏನು ಬಂತು, ಊರ ಗೌಡರೂ ಜೋಳದ ನಂಬರಿಗೆ ಭತ್ತವನ್ನೇ ಹಚ್ಚಿದರು. ಮೇಲಿನವರ ಗದ್ದೆಯಲ್ಲಿ ನೀರು ನಿಂತು ಸವಳು ಎದ್ದಿತು. ಕಾಲುವೆಯ ಬಾಲದವರು ಒಣ ತೂಬು ನೋಡುತ್ತ ಕೂತರು. ಹೊಳೆಯಾಚೆ ಗಂಗಾವತಿಯಲ್ಲಿ ಸವಳು ನೆಲದ ಸಂಶೋಧನೆಗೇ ಒಂದು ಕೇಂದ್ರ ಬೇಕಾಯಿತು. ಡ್ಯಾಮಿನೊಳಗೆ ಹೂಳು: 133 ಟಿಎಂಸಿ ಹಿಡಿಯುತ್ತಿದ್ದದ್ದು 2016ರ ಸರ್ವೆಯಲ್ಲಿ 106ರ ಹತ್ತಿರಕ್ಕೆ ಇಳಿದಿತ್ತು.

ನಕ್ಷೆಯಲ್ಲಿ ಬೆಳೆಗೆ ಕಲಂ ಇತ್ತು, ನೀರಿಗೆ ಕಲಂ ಇತ್ತು, ನಾಟಿ ಹಚ್ಚುವ ಕೈಗೆ ಇರಲಿಲ್ಲ. 1974ರ ಭೂಸುಧಾರಣೆ ‘ಉಳುವವನೇ ಒಡೆಯ’ ಅಂತ ಬಂದಾಗ ಗೇಣಿದಾರರು ಏಳನೇ ನಮೂನೆ ತುಂಬಿದರು. ಕೂಲಿಯವರು ಏನು ತುಂಬಬೇಕಿತ್ತು? ಗೇಣಿ ಚೀಟಿಯೂ ಇಲ್ಲ, ಸರ್ವೆ ನಂಬರೂ ಇಲ್ಲ. 1978ರ ಕಾಯ್ದೆ ದಲಿತರಿಗೆ ಮಂಜೂರಾದ ಜಮೀನು ಪರರ ಪಾಲಾದರೆ ವಾಪಸು ಕೊಡಿಸುತ್ತೇನೆ ಅಂತು. ಮಂಜೂರೇ ಆಗದವರಿಗೆ ಅದು ಏನು ಕೊಡಿಸೀತು? 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದವು. ಈಗ ಕೆಸರು ಮೆಟ್ಟದವನೂ ಗದ್ದೆ ಕೊಳ್ಳಬಹುದು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತು. ಎಷ್ಟು ಎಕರೆಗೆ ನೀರು ತಪ್ಪೀತು ಅಂತ ಎಲ್ಲರ ಬಾಯಲ್ಲೂ ಲೆಕ್ಕ. ನಾಟಿ ಹಚ್ಚೇ ನಮ್ಮನ್ನು ಓದಿಸಿದ ಅವ್ವ ಕೇಳಿದಳು: “ಅಷ್ಟು ಎಕರೇದಾಗ ಎಷ್ಟು ದಿನದ ಕೂಲಿ ಐತಿ, ಅದನ್ನೂ ಬರದಾರೇನು?” ಡಿಗ್ರಿ ಮಾಡಿದ ನಾವು ಪೇಪರು ತಿರುವಿ ಹಾಕಿದೆವು. ಅದರಲ್ಲಿ ಎಕರೆ ಇತ್ತು, ಟಿಎಂಸಿ ಇತ್ತು.