ದುಡಿಯುವವರ ಆರೋಗ್ಯವಿಮೆ: ಅಮೆರಿಕದ ಶಾಸನಗಳ ಒಂದು ಸಮೀಕ್ಷೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆರೋಗ್ಯವಿಮೆಯು ಉದ್ಯೋಗದೊಡನೆ ಬೆಸೆದುಕೊಂಡುದು ಯಾವ ದೀರ್ಘಾಲೋಚನೆಯ ಫಲವೂ ಅಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಸರ್ಕಾರವು ವೇತನಗಳ ಏರಿಕೆಗೆ ಮಿತಿಯನ್ನು ವಿಧಿಸಿ ವಿಮೆಯನ್ನು ಮಾತ್ರ ಆ ಮಿತಿಯಿಂದ ಹೊರಗಿರಿಸಿದಾಗ, ಕೆಲಸಗಾರರ ಅಭಾವದಿಂದ ತತ್ತರಿಸುತ್ತಿದ್ದ ಕಾರ್ಖಾನೆಗಳ ಒಡೆಯರು ಹೆಚ್ಚಿನ ಕೂಲಿಗೆ ಬದಲಾಗಿ ವೈದ್ಯಕೀಯ ರಕ್ಷಣೆಯನ್ನು ನೀಡತೊಡಗಿದರು. 1954ರ ತೆರಿಗೆ ಶಾಸನವು ಅದಕ್ಕೆ ವಿನಾಯಿತಿಯ ಮುದ್ರೆಯನ್ನೊತ್ತಿತು. ದೊಡ್ಡ ಕಂಪನಿಯ ನೌಕರನಿಗೆ ಹೀಗೆ ಆಶ್ರಯ ದೊರೆಯಿತು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ, ತೋಟದಲ್ಲಿ ಹಣ್ಣು ಕೀಳುವವಳಿಗೆ, ಮನೆಮನೆಗೆ ಹೋಗಿ ವೃದ್ಧರ ಶುಶ್ರೂಷೆ ಮಾಡುವವಳಿಗೆ ದೊರೆಯಲಿಲ್ಲ. ಅಧ್ಯಕ್ಷ ಟ್ರೂಮನ್ನರು 1945ರಲ್ಲಿ ರಾಷ್ಟ್ರೀಯ ವಿಮೆಯನ್ನು ಸೂಚಿಸಿದರಾದರೂ, ವೈದ್ಯಸಂಘದ ಪ್ರಬಲ ವಿರೋಧದೆದುರು ಆ ಸೂಚನೆ ನಿಲ್ಲಲಾರದೆ ಹೋಯಿತು.

ಇಪ್ಪತ್ತು ವರ್ಷಗಳ ತರುವಾಯ, 1965ರ ಜುಲೈ 30ರಂದು, ಅಧ್ಯಕ್ಷ ಜಾನ್ಸನ್ನರು ಟ್ರೂಮನ್ನರ ಊರಾದ ಇಂಡಿಪೆಂಡೆನ್ಸಿಗೇ ಹೋಗಿ ಅವರ ಸಮ್ಮುಖದಲ್ಲಿ ಅಂಕಿತ ಹಾಕಿದ ಶಾಸನದಿಂದ, ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಯ್ಡ್ ಎಂಬ ವ್ಯವಸ್ಥೆಗಳು ಹುಟ್ಟಿದುವು. ಮೆಡಿಕೇಯ್ಡ್ ಮಾತ್ರ ಮಕ್ಕಳು, ಗರ್ಭಿಣಿಯರು, ಅಂಗವಿಕಲರು ಮೊದಲಾದ ಗೊತ್ತಾದ ವರ್ಗಗಳಿಗೇ ಬಹುಮಟ್ಟಿಗೆ ಸಲ್ಲುತ್ತಿದ್ದುದರಿಂದ, ದುಡಿದೂ ಬಡವನಾಗಿಯೇ ಉಳಿದ ವಯಸ್ಕನು 2010ರ ಮಾರ್ಚಿನಲ್ಲಿ ಅಧ್ಯಕ್ಷ ಒಬಾಮರ ಶಾಸನ ಬರುವವರೆಗೂ ಕಾಯಬೇಕಾಯಿತು. ಅವನಿಗೂ ಮೆಡಿಕೇಯ್ಡನ್ನು ವಿಸ್ತರಿಸಿದುದೇ ಆ ಶಾಸನದ ಹಿರಿಮೆ. ಆದರೆ 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟುದರಿಂದ, ಹತ್ತು ರಾಜ್ಯಗಳು ಅದನ್ನು ಇಂದಿಗೂ ಸ್ವೀಕರಿಸಿಲ್ಲ.

ಒಬಾಮರ ಶಾಸನವನ್ನು ರದ್ದುಗೊಳಿಸುವ ಯತ್ನವು 2017ರ ಜುಲೈ 28ರ ನಡುರಾತ್ರಿಯಲ್ಲಿ, ಮಿದುಳಿನ ಕ್ಯಾನ್ಸರಿನಿಂದ ಪೀಡಿತರಾಗಿದ್ದ ಸೆನೆಟರ್ ಜಾನ್ ಮೆಕೇನ್‌ ಮತ್ತು ಅವರ ಪಕ್ಷದ ಇನ್ನಿಬ್ಬರು ಸದಸ್ಯೆಯರ ವಿರೋಧಮತಗಳಿಂದ, 49ಕ್ಕೆ 51ರಂತೆ ಬಿದ್ದುಹೋಯಿತು. ಬಹಿರಂಗವಾದ ರದ್ದತಿಯನ್ನು ಜನ ಸಹಿಸರೆಂಬುದು ಅಂದು ಸ್ಪಷ್ಟವಾಯಿತು. ಅಂದಿನಿಂದ ಕಡಿತವು ಷರತ್ತುಗಳ ರೂಪವನ್ನು ತಾಳಿದೆ.

ಅರ್ಕನ್ಸಾ ರಾಜ್ಯದ ಅನುಭವವನ್ನು ಇಲ್ಲಿ ವಿವರವಾಗಿ ಹೇಳಲೇಬೇಕು. ತಿಂಗಳಿಗೆ 80 ಗಂಟೆ ದುಡಿದುದಕ್ಕೆ ಪ್ರಮಾಣವನ್ನೊದಗಿಸದವರಿಗೆ ಮೆಡಿಕೇಯ್ಡ್ ಇಲ್ಲವೆಂಬ ನಿಯಮವು ಅಲ್ಲಿ 2018ರ ಜೂನಿನಲ್ಲಿ ಜಾರಿಗೆ ಬಂದಿತು. ಶಕ್ತನಾದವನು ದುಡಿಯಲಿ ಎಂಬ ವಾದವು ಕಿವಿಗೆ ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಲೆಕ್ಕವನ್ನು ಮೊದಲಿಗೆ ಅಂತರಜಾಲದ ಮೂಲಕವೇ ಸಲ್ಲಿಸಬೇಕಾಗಿದ್ದಿತು. ಆ ತಾಣವೋ ರಾತ್ರಿ ಒಂಬತ್ತರಿಂದ ಬೆಳಗಿನ ಏಳರವರೆಗೆ ಮುಚ್ಚಿರುತ್ತಿದ್ದಿತು, ಅಂದರೆ ಹಗಲೆಲ್ಲ ದುಡಿದವನಿಗೆ ಬಿಡುವಾಗುವ ಹೊತ್ತಿನಲ್ಲಿಯೇ. ಕೆಲವೇ ತಿಂಗಳುಗಳಲ್ಲಿ ಸುಮಾರು 18,000 ಮಂದಿ ರಕ್ಷಣೆಯನ್ನು ಕಳೆದುಕೊಂಡರು. ನಿಯಮಕ್ಕೊಳಪಟ್ಟವರಲ್ಲಿ ಶೇಕಡ 95ಕ್ಕೂ ಮಿಕ್ಕವರು ಆಗಲೇ ಅದನ್ನು ಪಾಲಿಸುತ್ತಿದ್ದವರು ಅಥವಾ ವಿನಾಯಿತಿಗೆ ಅರ್ಹರಾದವರೆಂದೂ, ಉದ್ಯೋಗವು ಇದರಿಂದ ಹೆಚ್ಚಲಿಲ್ಲವೆಂದೂ ಹಾರ್ವರ್ಡಿನ ಸಂಶೋಧಕರು ಕಂಡುಕೊಂಡರು. 2019ರ ಮಾರ್ಚಿನಲ್ಲಿ ನ್ಯಾಯಾಲಯವು ಅದನ್ನು ತಡೆಯಿತು.

ನ್ಯಾಯಾಲಯವು ತಡೆದುದನ್ನೇ 2025ರ ಜುಲೈ 4ರಂದು ಅಂಕಿತವಾದ ಶಾಸನವು ವಿಸ್ತರಣೆಯನ್ನು ಸ್ವೀಕರಿಸಿದ ರಾಜ್ಯಗಳಿಗೆಲ್ಲ ಅನ್ವಯಿಸಿತು. ಅರ್ಹತೆಯನ್ನು ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ ಪರೀಕ್ಷಿಸುವಂತೆಯೂ ವಿಧಿಸಿತು. ಅದೇ ವರ್ಷದ ಕೊನೆಗೆ, ವಿಮಾಕಂತಿಗಾಗಿ 2021ರಿಂದ ದೊರೆಯುತ್ತಿದ್ದ ಹೆಚ್ಚುವರಿ ನೆರವೂ ಮುಗಿದುಹೋಯಿತು. ಜುಲೈ ಶಾಸನವೊಂದರಿಂದಲೇ 2034ರ ವೇಳೆಗೆ ಸುಮಾರು ಒಂದು ಕೋಟಿ ಜನ ಹೆಚ್ಚಾಗಿ ವಿಮೆಯಿಲ್ಲದವರಾಗುವರೆಂದು ಕಾಂಗ್ರೆಸ್ಸಿನದೇ ಆಯವ್ಯಯ ಕಚೇರಿ ಅಂದಾಜು ಮಾಡಿದೆ.

ದುಡಿಮೆಯ ಷರತ್ತು ವಿಸ್ತರಣೆಯನ್ನು ಸ್ವೀಕರಿಸಿದ ರಾಜ್ಯಗಳಲ್ಲಿ ಜಾರಿಗೆ ಬರಲು ಗೊತ್ತಾದ ಗಡುವು 2027ರ ಜನವರಿ 1. ಅರ್ಕನ್ಸಾದ ಸಾಕ್ಷ್ಯವನ್ನು ಕಣ್ಣಾರೆ ಕಂಡಿರುವ ಶಾಸನಸಭೆಯು ಆ ಷರತ್ತನ್ನು ತೆಗೆದುಹಾಕಲಿ. ಅದಾಗದಿದ್ದರೆ, ದುಡಿಯುವವನಿಂದ ಮತ್ತೆ ಮತ್ತೆ ಕಾಗದ ಕೇಳುವ ಬದಲು, ಸರ್ಕಾರದ ಬಳಿ ಇರುವ ವೇತನದ ದಾಖಲೆಗಳಿಂದಲೇ ಅವನ ದುಡಿಮೆಯನ್ನು ರಾಜ್ಯಗಳು ತಾವಾಗಿ ಅರಿತುಕೊಳ್ಳಲಿ.